ಎಂಟೂ ದೀಪ ಹತ್ತಿದರೂ ಹೋಗದ ಫೈಲು

ಕೆಲವು ವರ್ಷಗಳ ಹಿಂದಿನ ಮಾತು. ರಾಯಬಾಗ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕಚೇರಿಯ ಕಂಪ್ಯೂಟರಿಗೂ ಪ್ರಯೋಗಾಲಯದ ಕಂಪ್ಯೂಟರಿಗೂ ನಡುವೆ ಸುಮಾರು 60 ಮೀಟರ್ ಈಥರ್‌ನೆಟ್ ಕೇಬಲ್ ಎಳೆದು, ಸ್ವಿಚ್ಚಾಗಲಿ ರೂಟರ್ ಆಗಲಿ ಇಲ್ಲದೆ ನೇರವಾಗಿ ಜೋಡಿಸಿದ್ದರು. ದೊಡ್ಡ ಫೈಲು ಅರ್ಧದಲ್ಲೇ ನಿಲ್ಲುತ್ತಿತ್ತು. ಮೇ ತಿಂಗಳ ಸಿಡಿಲಿಗೆ ನೆಟ್‌ವರ್ಕ್ ಕಾರ್ಡು ಸುಟ್ಟಿರಬೇಕೆಂದು ತೀರ್ಮಾನಿಸಿ, ಅಲ್ಪ ಅನುದಾನದಲ್ಲೇ ಹೊಸ ಕಾರ್ಡು ತರಿಸುವ ಸಿದ್ಧತೆ ನಡೆದಿತ್ತು. “ಟೆಸ್ಟರ್‌ನ್ಯಾಗ ಎಂಟೂ ದೀಪ ಹತ್ತತಾವ್ರಿ ಸರ್, ಕೇಬಲ್ ಛಲೋ ಐತಿ” ಎಂದರು ವಿಜ್ಞಾನ ಶಿಕ್ಷಕರು.

ಇಂಥಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಎರಡೂ ತುದಿಯ ಲಿಂಕ್ ದೀಪ ಉರಿಯುತ್ತಿತ್ತು. (ಹಳೆಯ ಕಾರ್ಡುಗಳಲ್ಲಿ ನೇರ ಜೋಡಣೆಗೆ ಅಡ್ಡ ಕೇಬಲ್, ಅಂದರೆ ಕ್ರಾಸ್‌ಓವರ್ ಬೇಕು, ಹೊಸವು ತಾವೇ ಹೊಂದಿಕೊಳ್ಳುತ್ತವೆ.) ನಂತರ ವಿಳಾಸ. ರೂಟರ್ ಇಲ್ಲದಿದ್ದಾಗ ಐಪಿ ವಿಳಾಸ ಕೊಡುವವರಿಲ್ಲ. ಕಂಪ್ಯೂಟರ್ ತಾನೇ 169.254ರಿಂದ ಆರಂಭವಾಗುವ ವಿಳಾಸವನ್ನು ಆರಿಸಿಕೊಳ್ಳುತ್ತದೆ. ಅದು ದೋಷವಲ್ಲ. ಒಂದಕ್ಕೆ 192.168.1.2 ಎಂದು ಕೈಯಿಂದ ಕೊಟ್ಟು ಇನ್ನೊಂದನ್ನು ಹಾಗೆಯೇ ಬಿಟ್ಟರೆ ಮಾತ್ರ ಅವು ಪರಸ್ಪರ ಮಾತಾಡವು. ಇಲ್ಲಿ ಎರಡೂ ಸರಿಯಿದ್ದವು. 32 ಬೈಟಿನ ಪಿಂಗ್‌ಗೆ ತಪ್ಪದೆ ಉತ್ತರ ಬಂತು. ಗಾತ್ರವನ್ನು 1400 ಬೈಟಿಗೆ ಏರಿಸಿದೆವು. ಪೊಟ್ಟಣಗಳು ಒಂದಾದ ಮೇಲೊಂದು ಕಳೆದುಹೋದವು.

ಸುಳಿವು ಸಿಕ್ಕಿದ್ದು ಇಲ್ಲಿ. ಒಂದು ಬಿಟ್ ಕೆಟ್ಟರೂ ಇಡೀ ಪೊಟ್ಟಣವನ್ನು ಕಾರ್ಡು ಎಸೆದುಬಿಡುತ್ತದೆ. ಪೊಟ್ಟಣ ಉದ್ದವಾದಷ್ಟೂ ಕೆಡುವ ಸಂಭವ ಹೆಚ್ಚು. ಹಾಗಾದರೆ ತಂತಿಯಲ್ಲಿ ಗದ್ದಲವಿದೆ.

ಪ್ಲಗ್ಗಿನ ಬಣ್ಣಗಳನ್ನು ನೋಡಿದೆ. ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ ಎಂದು ಒಪ್ಪವಾಗಿ ಸಾಲಾಗಿ ಕೂರಿಸಿದ್ದರು, ಎರಡೂ ತುದಿಯಲ್ಲಿ ಒಂದೇ ರೀತಿ. ನೋಡಲು ಚೆಂದ. ಆದರೆ 100 ಮೆಗಾಬಿಟ್ ಈಥರ್‌ನೆಟ್ ಒಂದು ದಿಕ್ಕಿಗೆ 1 ಮತ್ತು 2ನೆಯ ಪಿನ್ನನ್ನೂ ಇನ್ನೊಂದು ದಿಕ್ಕಿಗೆ 3 ಮತ್ತು 6ನೆಯ ಪಿನ್ನನ್ನೂ ಬಳಸುತ್ತದೆ. ಇಲ್ಲಿ 3ಕ್ಕೆ ಹಸಿರು ಜೋಡಿಯ ತಂತಿ, 6ಕ್ಕೆ ನೀಲಿ ಜೋಡಿಯದು!

ತಂತಿಗಳನ್ನು ಹೆಣೆಯುವುದೇಕೆ? 1881ರಲ್ಲಿ ಗ್ರಹಾಂ ಬೆಲ್ ದೂರವಾಣಿಗಾಗಿ ಪೇಟೆಂಟ್ ಪಡೆದ ಉಪಾಯವಿದು. ಹೆಣೆದ ಎರಡು ತಂತಿಗಳಲ್ಲೂ ಹೊರಗಿನ ಗದ್ದಲ ಬಹುತೇಕ ಸಮವಾಗಿ ಪ್ರೇರಿತವಾಗುತ್ತದೆ. ಗ್ರಾಹಕವು ಅವುಗಳ ವಿಭವಾಂತರವನ್ನಷ್ಟೇ ಅಳೆಯುವುದರಿಂದ ಗದ್ದಲ ವಜಾ ಆಗುತ್ತದೆ. ಬೇರೆ ಬೇರೆ ಜೋಡಿಯ ತಂತಿಗಳನ್ನು ಸೇರಿಸಿದರೆ ಈ ಸಮತೆ ಹೋಯಿತು. ಪಕ್ಕದ ಜೋಡಿಯ ಸಂಕೇತವೂ ಒಳಗೆ ಸೋರುತ್ತದೆ. ಅಗ್ಗದ ಟೆಸ್ಟರ್ ಏಕಮುಖ ವಿದ್ಯುತ್ತು ಹರಿಯುವುದೇ ಎಂದಷ್ಟೇ ನೋಡುತ್ತದೆ. ಸೆಕೆಂಡಿಗೆ 12.5 ಕೋಟಿ ಸಲ ಬದಲಾಗಬಲ್ಲ ಸಂಕೇತದ ಪಾಡು ಅದಕ್ಕೆ ತಿಳಿಯದು. ಎರಡು ಮೀಟರ್ ಕೇಬಲ್ಲಿನಲ್ಲಿ ಈ ತಪ್ಪು ಗಮನಕ್ಕೇ ಬಾರದಿರಬಹುದು.

ಎರಡೂ ಪ್ಲಗ್ ಕತ್ತರಿಸಿ, ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮದಲ್ಲಿ ಹೊಸ ಪ್ಲಗ್ ಹಾಕಿದೆವು. ಟೆಸ್ಟರ್‌ನಲ್ಲಿ ಮತ್ತೆ ಅದೇ ಎಂಟು ದೀಪ. ಆದರೆ ಈ ಸಲ 1400 ಬೈಟಿನ ನೂರು ಪೊಟ್ಟಣಗಳಲ್ಲಿ ಒಂದೂ ತಪ್ಪಲಿಲ್ಲ. ಹಳೆಯ ಕಾರ್ಡುಗಳೇ ಉಳಿದವು.