ಮುಳುಗಿದ ಭತ್ತಕ್ಕೆ ವಿಮೆ ಉಂಟೇ?

2025ರ ಅಕ್ಟೋಬರ್‌ನಲ್ಲಿ ಮುಲ್ಲೈಪೆರಿಯಾರ್ ಉಕ್ಕಿ ತೇನಿ ಜಿಲ್ಲೆಯ ಕಂಬಂ ಕಣಿವೆಯ ಗದ್ದೆಗಳಿಗೆ ನುಗ್ಗಿತು. ಮನೆಯಲ್ಲಿ ಇಂದಿಗೂ ಕನ್ನಡವಾಡುವ ಒಕ್ಕಲು ಕುಟುಂಬಗಳೂ ಅಲ್ಲುಂಟು. 2016ರ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಭತ್ತಕ್ಕೆ ರೈತರು ಕಟ್ಟಬೇಕಾದ್ದು ವಿಮಾ ಮೊತ್ತದ ಶೇಕಡಾ 2 ಮಾತ್ರ. ಉಳಿದ ಕಂತನ್ನು ಕೇಂದ್ರ, ರಾಜ್ಯ ಸರ್ಕಾರಗಳು ವಿಮಾ ಕಂಪನಿಗೆ ಕೊಡುತ್ತವೆ. ಆದರೆ ಒಬ್ಬರ ಗದ್ದೆಯಷ್ಟೇ ಮುಳುಗಿದರೆ? ಭತ್ತ ನೀರಿನ ಬೆಳೆಯೆಂದು 2018ರಲ್ಲಿ ಆ ರಕ್ಷಣೆಯನ್ನೇ ತೆಗೆದರು. ಸುತ್ತಲ ಪ್ರದೇಶದ ಸರಾಸರಿ ಇಳುವರಿ ಕುಸಿದರಷ್ಟೇ ಪರಿಹಾರ. ನೀರಿನ ಬೆಳೆಯಾದರೂ ತಲೆ ಮುಳುಗಿದ ಪೈರು ಕೊಳೆಯದೇ? 2026ರ ಮುಂಗಾರಿನಿಂದ ಅದನ್ನು ಮತ್ತೆ ಸೇರಿಸುವುದಾಗಿ ಕೇಂದ್ರವು 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ವಿಮೆ ಮಾಡಿಸುವಾಗಲೇ ಇದನ್ನು ಬ್ಯಾಂಕಿನಲ್ಲಿ ಕೇಳಿ ತಿಳಿದುಕೊಳ್ಳಿರೆಂದು ನಾವು ಹೇಳುತ್ತೇವೆ. ಹಾನಿಯಾದ 72 ಗಂಟೆಯೊಳಗೆ ದೂರು ಕೊಡಬೇಕು, ದೂರವಾಣಿ 14447.