ತಟ್ಟೆ, ಪೆಟ್ಟಿಗೆ, ಸುರುಳಿ: ಕೊಂಗುನಾಡಿನ ಕನ್ನಡ ಮನೆಗಳಲ್ಲಿ

ಕೊಯಮತ್ತೂರು, ತಿರುಪ್ಪೂರು ಸೀಮೆಗಳಲ್ಲಿ ತಲೆತಲಾಂತರದಿಂದ ನೆಲೆಸಿರುವ ದೇವಾಂಗ ನೇಕಾರರ ಮನೆಗಳಲ್ಲಿ ಮಾತು ಕನ್ನಡ, ಶಾಲೆಯಲ್ಲಿ ಕಲಿತ ಅಕ್ಷರ ತಮಿಳು. ಆದಕಾರಣ ಅಲ್ಲಿಯ ಕನ್ನಡಕ್ಕೆ ಕಣ್ಣಿಗಿಂತ ಕಿವಿಯೇ ಆಶ್ರಯವಾಗಿದ್ದಿತು, ಮತ್ತು ಹಾಡನ್ನು ಹೊತ್ತು ತರುವ ಯಂತ್ರಗಳು ಬದಲಾದಂತೆಲ್ಲ ಆ ಮನೆಗಳಿಗೆ ಕನ್ನಡ ಬರುವ ದಾರಿಯೂ ಬದಲಾಗುತ್ತ ಬಂದಿತು.

ಮೊದಲು ಬಂದುದು ಅರಗಿನ ತಟ್ಟೆ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಂಗುಲದ ಆ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ಮೂರೂವರೆ ನಿಮಿಷದ ಧ್ವನಿ ಮಾತ್ರ ಹಿಡಿಯುತ್ತಿದ್ದುದರಿಂದ, ಒಂದೇ ರಾಗವನ್ನು ಗಂಟೆಗಟ್ಟಲೆ ವಿಸ್ತರಿಸಬಲ್ಲ ವಿದ್ವಾಂಸರೂ ತಮ್ಮ ಪಾಂಡಿತ್ಯವನ್ನು ಆ ಅಳತೆಗೆ ಸಂಕೋಚಗೊಳಿಸಬೇಕಾಯಿತು. ಗ್ರಾಮಫೋನನ್ನು ಕೊಳ್ಳುವಷ್ಟು ಅನುಕೂಲ ನೇಕಾರನಿಗೆ ಎಲ್ಲಿಯದು? ಮದುವೆಯ ಚಪ್ಪರದ ಕಂಬಕ್ಕೆ ಕಟ್ಟಿದ, ತಟ್ಟೆ ನುಡಿಸುವ ಬಾಡಿಗೆಯ ‘ರೇಡಿಯೋ ಸೆಟ್ಟಿ’ನ ಕಹಳೆಯಿಂದ ಬಂದಷ್ಟೇ ಅವನ ಪಾಲು, ಅದೂ ತಮಿಳು ಹಾಡು. ಕೊಯಮತ್ತೂರಿನ ಪಕ್ಷಿರಾಜ ಸಂಸ್ಥೆಯ ಎಸ್. ಎಂ. ಶ್ರೀರಾಮುಲು ನಾಯ್ಡು ಅವರು 1954ರ ತಮ್ಮ ‘ಮಲೈಕ್ಕಳ್ಳನ್’ ಚಿತ್ರವನ್ನು 1957ರಲ್ಲಿ ‘ಬೆಟ್ಟದ ಕಳ್ಳ’ವೆಂದು ಕನ್ನಡದಲ್ಲಿಯೂ ತೆಗೆದರಾದರೂ, ಚಪ್ಪರದಲ್ಲಿ ನೆರೆದವರ ರುಚಿ ಅದರಿಂದ ಬದಲಾದಂತೆ ತೋರದು.

ಟ್ರಾನ್ಸಿಸ್ಟರ್ ಪೆಟ್ಟಿಗೆ ಗುಂಡಿಮಗ್ಗದ ಪಕ್ಕದ ಗೂಡನ್ನು ಸೇರಿದ ಮೇಲೆ ರಾತ್ರಿಯ ಹೊತ್ತು ಬೇರೆಯಾಯಿತು. ಹಗಲಲ್ಲಿ ದೂರ ಸಾಗದ ಮಧ್ಯಮ ತರಂಗಗಳು ಇರುಳಾದ ಬಳಿಕ ಅಯಾನುಗೋಳದಲ್ಲಿ ಪ್ರತಿಫಲಿಸಿ ನೂರಾರು ಮೈಲಿ ತಲಪಬಲ್ಲವಾದುದರಿಂದ, ಬೆಂಗಳೂರು ಕೇಂದ್ರದ ಕನ್ನಡ ಗೊರಗೊರ ಸದ್ದಿನ ನಡುವೆ ತೇಲಿ ಬರುತ್ತಿದ್ದಿತು. ಒಳಗಿನ ಫೆರೈಟ್ ಸರಳು ಒಂದು ದಿಕ್ಕಿಗೆ ಹೊರಳಿದಾಗಲೇ ಅಲೆಯನ್ನು ಚೆನ್ನಾಗಿ ಹಿಡಿಯುವುದರಿಂದ, ಪೆಟ್ಟಿಗೆಯನ್ನೇ ತುಸುತುಸುವಾಗಿ ತಿರುಗಿಸಿ, ಸ್ವರ ತಿಳಿಯಾದೊಡನೆ ಅದನ್ನು ಯಾರೂ ಮುಟ್ಟಕೂಡದೆಂದು ಮಕ್ಕಳನ್ನು ಗದರಿಸುವುದು ಹಿರಿಯರ ಕೆಲಸ.

ಆದರೆ ನಿಜವಾದ ಪಲ್ಲಟವನ್ನು ತಂದುದು ಕ್ಯಾಸೆಟ್ಟು. ಫಿಲಿಪ್ಸ್ ಕಂಪೆನಿ 1963ರಲ್ಲಿ ಹೊರತಂದ ಈ ಸುರುಳಿ ನಮ್ಮಲ್ಲಿ ಮನೆಮಾತಾಗಲು ಹದಿನೈದು ವರ್ಷವೇ ಹಿಡಿಯಿತು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಮೈಸೂರು ಅನಂತಸ್ವಾಮಿಯವರ ಕಂಠದಲ್ಲಿ ಸುರುಳಿಯಾಗಿ ಬಂದ ಬಳಿಕ, ಕನ್ನಡ ಲಿಪಿಯನ್ನು ಓದಲರಿಯದವನಿಗೂ ಕನ್ನಡ ಕವಿತೆ ಎಟುಕುವಂತಾಯಿತು. ಬೆಂಗಳೂರಿನಿಂದ ಬರುವ ನೆಂಟರು ತರುವ ಸುರುಳಿಗಿಂತಲೂ ಹೆಚ್ಚಿನ ಬೆಲೆ, ನನ್ನೆಣಿಕೆಯಲ್ಲಿ, ಖಾಲಿ ಸುರುಳಿಗೆ ಸಲ್ಲಬೇಕು. ತಟ್ಟೆಯಾಗಲಿ ರೇಡಿಯೋವಾಗಲಿ ಕೇಳಿಸುತ್ತಿದ್ದುವೇ ಹೊರತು ಕೇಳಿಸಿಕೊಳ್ಳುತ್ತಿರಲಿಲ್ಲ. ಟೇಪ್ ರೆಕಾರ್ಡರಾದರೋ ಕೆಂಪು ಗುಂಡಿಯನ್ನು ಒತ್ತಿದೊಡನೆ ಅಜ್ಜಿಯ ಜೋಗುಳವನ್ನೂ, ಕುಲದೇವತೆ ಚೌಡಮ್ಮನ ಹಬ್ಬದ ಅಲಗುಸೇವೆಯಲ್ಲಿ, ಎಂದರೆ ಕತ್ತಿಯ ಸೇವೆಯಲ್ಲಿ, ಹಿರಿಯರು ಹೇಳುವ ಸ್ತುತಿಯಾದ ದಂಡಕವನ್ನೂ ಯಾವ ಸ್ಟುಡಿಯೋದ ಅಪ್ಪಣೆಯೂ ಇಲ್ಲದೆ ಹಿಡಿದಿಡುತ್ತಿದ್ದಿತು. ಸುರುಳಿಯ ಹಿಂಬದಿಯ ಅಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳಿರುತ್ತವೆ. ಅವನ್ನು ಮುರಿದುಬಿಟ್ಟರೆ ಮೇಲೆ ಮತ್ತೊಂದನ್ನು ಅಚ್ಚೊತ್ತಲಾಗದು. ದಂಡಕದ ಸುರುಳಿಗೆ ಚೂರು ಮುರಿದು ಕಾಪಾಡಿದವರೂ ಉಂಟು, ಮುರಿದೆಡೆಗೆ ಕಾಗದ ಅಂಟಿಸಿ ಅದರ ಮೇಲೆಯೇ ಇಳಯರಾಜರ ಹಾಡು ತುಂಬಿಸಿಕೊಂಡ ತರುಣರೂ ಉಂಟು.

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ಈ ಮನೆಗಳಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ಅಷ್ಟರೊಳಗೆ ಸೋಮನೂರು, ಪಲ್ಲಡಗಳಲ್ಲಿ ವಿದ್ಯುನ್ಮಗ್ಗಗಳ ಆರ್ಭಟ ಗೋಡೆಗೂಡಿನ ಹಾಡನ್ನು ನುಂಗಿದ್ದಿತು. ಬನಿಯನ್ ಕಂಪೆನಿಗೆ ಹೋಗುವ ಹುಡುಗನ ಹಾಡು ಇಂದು ಅವನ ಕಿವಿಯೊಳಗಿದೆ. ಆದರೆ ಅದನ್ನು ನುಡಿಸುವ ಮೊಬೈಲಿಗೂ ಧ್ವನಿ ಹಿಡಿಯುವ ಶಕ್ತಿಯಿರುವುದರಿಂದ ದಂಡಕ ಮತ್ತೆ ಕೈಯಿಂದ ಕೈಗೆ ಸಾಗುತ್ತಿದೆ. ಹಳೆಯ ಸುರುಳಿ ಯಾರಲ್ಲಿಯಾದರೂ ಇದ್ದರೆ, ಬೂಷ್ಟಿಲ್ಲವೆಂದು ನೋಡಿಕೊಂಡು, ಒಮ್ಮೆ ತುದಿಯವರೆಗೆ ಸುತ್ತಿ ಸಡಿಲವನ್ನು ಬಿಗಿಮಾಡಿದ ಮೇಲೆಯೇ ನುಡಿಸಿ ಮೊಬೈಲಿಗೆ ಇಳಿಸಿಕೊಳ್ಳತಕ್ಕದ್ದು.