ಕುಡಿಯದವರೂ ನೋಡಬೇಕಾದ ಮದ್ಯದ ಮನೆಗಳು

"ದ್ರಾಕ್ಷಾರಸದ ಸೀಮೆಯಲ್ಲಿ ನಮಗೇನು ಕೆಲಸ?" ಅಂತೀರಾ? ಸ್ವಲ್ಪ ತಾಳಿ. ಫ್ರಾನ್ಸಿನ ಶಾಂಪೇನ್ ಸೀಮೆಯನ್ನು ಕುಡಿಯದವರೂ ನೋಡಬೇಕು. ಪ್ಯಾರಿಸ್ಸಿನಿಂದ ವೇಗದ ರೈಲು ಹತ್ತಿದರೆ ಮುಕ್ಕಾಲು ಗಂಟೆಗೆ ರೀಮ್ಸ್ ನಗರ.

ಅಲ್ಲಿನ ಹೆಸರಾಂತ ಮನೆತನ 'ವವ್ ಕ್ಲಿಕೊ'. 'ವವ್' ಎಂದರೆ ಏನು ಗೊತ್ತೇ? ವಿಧವೆ! 1805ರಲ್ಲಿ ಗಂಡ ತೀರಿಕೊಂಡಾಗ ಬಾರ್ಬ್ ನಿಕೋಲ್‌ಗೆ 27 ವರ್ಷ, ಜೊತೆಗೊಬ್ಬಳು ಪುಟ್ಟ ಮಗಳು. ಗಂಡನ ಒಪ್ಪಿಗೆ ಇಲ್ಲದೆ ಹೆಂಡತಿ ವ್ಯಾಪಾರ ಮಾಡುವಂತಿರಲಿಲ್ಲ. ವಿಧವೆಗೆ ಆ ಕಟ್ಟು ಇರಲಿಲ್ಲ. ಆಕೆ ಮಾವನನ್ನು ಒಪ್ಪಿಸಿ ವ್ಯವಹಾರ ಕೈಗೆತ್ತಿಕೊಂಡಳು. ಸೀಸೆಯ ಗಸಿ ಕುತ್ತಿಗೆಗಿಳಿಯಲೆಂದು ಅಡುಗೆಮನೆಯ ಮೇಜಿಗೇ ತೂತು ಕೊರೆಸಿ ಸೀಸೆಗಳನ್ನು ತಲೆಕೆಳಗಾಗಿ ನಿಲ್ಲಿಸಿದಳಂತೆ!

ಅದೇ ಊರಿನ 'ಪೊಮ್ಮೆರಿ'ಯನ್ನು ಬೆಳೆಸಿದ್ದೂ ಒಬ್ಬ ವಿಧವೆಯೇ, ಲೂಯಿಸ್ ಪೊಮ್ಮೆರಿ. ಅಲ್ಲಿ 116 ಮೆಟ್ಟಿಲು ಇಳಿದರೆ ಹಳೆಯ ಸುಣ್ಣಕಲ್ಲಿನ ಗಣಿಗಳೇ ನೆಲಮಾಳಿಗೆ. 2015ರಲ್ಲಿ ಈ ಸೀಮೆಯ ನೆಲಮಾಳಿಗೆಗಳು, ದ್ರಾಕ್ಷಿ ಗುಡ್ಡಗಳು ಯುನೆಸ್ಕೋ ಪಟ್ಟಿ ಸೇರಿದವು.

ಹೋಗುವಿರಾದರೆ ಮುಂಚೆಯೇ ಟಿಕೆಟ್ ಕಾದಿರಿಸಿ. ಬೇಸಿಗೆಯಲ್ಲೂ ಒಳಗೆ ಸುಮಾರು 10 ಡಿಗ್ರಿ ಚಳಿ, ಶಾಲು ಮರೀಬೇಡಿ. ಮೆಟ್ಟಿಲಿಗೆ ಜಾರದ ಚಪ್ಪಲಿಯೇ ಸರಿ.

ವಿಧವೆ ಎದುರು ಬಂದರೆ ಅಪಶಕುನ ಅಂತ ನಾವು ಎಷ್ಟು ಜನರನ್ನು ಮೂಲೆಗೆ ಕೂರಿಸಿಲ್ಲ? ಅಲ್ಲಿ ಆ ಪದವೇ ಜಗತ್ತಿನ ಮದುವೆಮನೆಗಳಿಗೆ ಹೋಗುವ ಸೀಸೆಯ ಮೇಲೆ ಅಚ್ಚಾಗಿದೆ!